ಎಪರಾಮನ ತಲೆಗೆ ಸುರಿದ ನೀರು

“ಸುರೀರಿ ಮಾವ, ಏನು ನೋಡ್ತಾ ನಿಂತಿದೀರಿ?” ಕಬ್ಬಿನ ಸಾಲುಗಳ ನಡುವೆ ಓಡಿ ಬರುತ್ತಲೇ ಕೆಲೆರಾ ಕೂಗಿದಳು.

ಪೌಲಿಯಾಸಿಯ ಕೈಯಲ್ಲಿ ತುಂಬಿದ ಬಕೆಟ್ ಇತ್ತು. ಅವನ ಕಾಲ ಬಳಿ, ಕಡಿಯುವ ಮೊದಲು ಗರಿ ಸುಡಲೆಂದು ಹಿಂದಿನ ದಿನ ಬೆಂಕಿ ಹಾಕಿದ ಗದ್ದೆಯ ಮಸಿಯಲ್ಲಿ, ಭಾವ ಎಪರಾಮ ಬಿದ್ದಿದ್ದ. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಸತ್ತು ಹತ್ತು ವರ್ಷವಾದ ಎತ್ತನ್ನು ಹೆಸರು ಹಿಡಿದು ಕರೆಯುತ್ತಿದ್ದ. ಕಬ್ಬು ಕಡಿಯುವ ಗ್ಯಾಂಗಿನ ಹತ್ತು ಮಂದಿ ಸುತ್ತ ನಿಂತಿದ್ದರು. ಒಬ್ಬರೂ ಬಗ್ಗಿರಲಿಲ್ಲ.

“ಕಾಲಿಗೆ ಹಾಕಿದೀನಿ,” ಎಂದ ಪೌಲಿಯಾಸಿ.

“ತಲೆಗೆ?”

“ತಲೆಗೆ ಹೇಗಮ್ಮ ಹಾಕೋದು? ಊರಿನ ಹಿರೀಮನೆಯವನು ಅವನು.”

ಪೌಲಿಯಾಸಿ ಹೇಳಿದ್ದು ನೆಪವಲ್ಲ. ಆ ದ್ವೀಪನಾಡಿನಲ್ಲಿ, ಲಂಬಾಸ ಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ, ಹಿರಿಯರ ತಲೆ ಮುಟ್ಟುವಂತಿಲ್ಲ. ಅವರು ಕೂತಿರುವಾಗ ಮೇಲಿನ ಹಲಗೆಯಿಂದ ಒಂದು ಲೋಟ ತೆಗೆಯಬೇಕಾದರೂ ‘ತಿಲೋ’ ಎಂದು ಕ್ಷಮೆ ಬೇಡಿಯೇ ಕೈ ಎತ್ತಬೇಕು. ದಿನವಿಡೀ ಎಪರಾಮನ ಕಾಲೆಳೆಯುವ ಹಕ್ಕು, ಸೋದರತ್ತೆಯ ಮಗನಾಗಿ ಭಾವನಾದ ಪೌಲಿಯಾಸಿಗೆ ಹುಟ್ಟಿನಿಂದಲೇ ಬಂದಿತ್ತು. ತಲೆಯ ತಂಟೆಗೆ ಹೋಗುವ ಹಕ್ಕು ಅವನಿಗೂ ಇರಲಿಲ್ಲ. ಇನ್ನು ಕೆಲೆರಾ, ಊರಿನ ಆರೋಗ್ಯ ಕಾರ್ಯಕರ್ತೆಯಾದರೂ, ಎಪರಾಮನ ಸ್ವಂತ ಸೊಸೆ. ಮಾವನ ಎದುರು ಬೆನ್ನು ಬಗ್ಗಿಸಿಯೇ ನಡೆದವಳು.

ಅವಳು ಬಕೆಟ್ ಕಿತ್ತುಕೊಂಡಳು. “ತಿಲೋ, ಮಾವ,” ಎಂದಳು. ಅಷ್ಟೂ ನೀರನ್ನು ನೆತ್ತಿಯ ಮೇಲೆ ಸುರಿದಳು.

ಯಾರೋ ಸರ್ರನೆ ಉಸಿರೆಳೆದುಕೊಂಡದ್ದು ಪೌಲಿಯಾಸಿಗೆ ಕೇಳಿಸಿತು. ಅದು ತಾನೇ ಎಂದು ಆಮೇಲೆ ತಿಳಿಯಿತು.

“ಲಾರಿ ನೆರಳಿಗೆ ಎತ್ಕೊಳ್ಳಿ. ಅಂಗಿ ಬಿಚ್ಚಿ. ಬಟ್ಟೆ ನೆನೆಸಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಡಿ. ಉಳಿದೋರು ಗೋಣಿಚೀಲದಲ್ಲಿ ಗಾಳಿ ಬೀಸಿ. ನಿಲ್ಲಿಸಬೇಡಿ.” ಒಬ್ಬ ನೀರಿನ ಬಾಟಲಿಯನ್ನು ಎಪರಾಮನ ತುಟಿಗೆ ಒಡ್ಡಲು ಹೋದಾಗ ಅವಳು ಅವನ ಕೈ ತಡೆದಳು. “ಎಚ್ಚರ ತಪ್ಪಿದೋರ ಬಾಯಿಗೆ ಹಾಕಬಾರದು. ಶ್ವಾಸಕ್ಕೆ ಹೋಗುತ್ತೆ.”

ಗದ್ದೆಯ ಒಡೆಯ ಜಗ್ದೇವ್ ಲಾರಿಯಲ್ಲಿ ತುಂಬಿದ್ದ ಕಬ್ಬನ್ನೆಲ್ಲ ಕೆಳಗೆ ಉರುಳಿಸಿದ. ಆಸ್ಪತ್ರೆ ತಲುಪುವವರೆಗೂ ಕೆಲೆರಾ ನೀರು ಸುರಿಯುತ್ತಲೇ ಇದ್ದಳು. ಪೌಲಿಯಾಸಿ ಗೋಣಿ ಬೀಸುತ್ತಲೇ ಇದ್ದ.

ನಾಲ್ಕನೆಯ ದಿನ ಎಪರಾಮ ಮನೆಗೆ ಬಂದ. ಇನ್ನು ಕಾಲು ಗಂಟೆ ತಡವಾಗಿದ್ದರೆ ಜೀವಕ್ಕೆ ಖಾತರಿ ಇರಲಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಪೌಲಿಯಾಸಿ ಬೇಯಿಸಿದ ಮರಗೆಣಸು ಮುಂದಿಟ್ಟರೂ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಕೆಲೆರಾ ಮೊಣಕಾಲ ಮೇಲೆ ತೆವಳುತ್ತ ಒಳಗೆ ಬಂದಳು. ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟೊಂದನ್ನು ಮಾವನ ಮುಂದಿಟ್ಟು ತಲೆ ತಗ್ಗಿಸಿದಳು. ಅಲ್ಲಿ ತಪ್ಪೊಪ್ಪಿಗೆಯಾದರೂ, ಬೇಡಿಕೆಯಾದರೂ ಈ ಬೇರಿನ ಜೊತೆಗೇ ಬರಬೇಕು. ಕಟ್ಟನ್ನು ಮುಟ್ಟಿದರೆ ಒಪ್ಪಿದಂತೆ. ಮುಟ್ಟದೆ ಬಿಡುವವರನ್ನು ಪೌಲಿಯಾಸಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

“ತಪ್ಪು ಮಾಡಿದೆ ಅನ್ನಿಸ್ತಾ ನಿಂಗೆ?” ಎಪರಾಮ ಕೇಳಿದ.

“ತಲೆ ಮುಟ್ಟಿದ್ದು ತಪ್ಪು. ಅದಕ್ಕೆ ಕ್ಷಮೆ ಕೇಳ್ತೀನಿ ಮಾವ. ನಾಳೆ ನೀವು ಹೀಗೇ ಬಿದ್ದರೆ ನಾಳೇನೂ ಮುಟ್ತೀನಿ.”

ಪೌಲಿಯಾಸಿಗೆ ಬೆರಗಾಯಿತು. ಈ ಸಣ್ಣಗಿನ ಹೆಂಗಸಿನ ಬೆನ್ನು ಅಷ್ಟು ಬಗ್ಗಿದ್ದರೂ ಮಾತು ಇಷ್ಟು ನೆಟ್ಟಗೆ ಹೇಗೆ ಬಂತೋ.

“ಮೂವತ್ತೈದು ವರ್ಷದಿಂದ ಕಬ್ಬು ಕಡೀತಿದೀನಿ,” ಎಂದ ಎಪರಾಮ. “ಬಿಸಿಲು ನಂಗೆ ಹೊಸದಾ?”

“ಬಿಸಿಲು ಹೊಸದು ಮಾವ. ಹಳಬರು ನೀವು.”

ಅವಳು ಮಡಿಲಿಂದ ಒಂದು ನೋಟುಪುಸ್ತಕ ತೆಗೆದಳು. ಸೊಸೆಯಾಗಿ ಬಂದ ವರ್ಷದಿಂದ, ಆರೋಗ್ಯ ಕೊಠಡಿಯ ಗೋಡೆಯಲ್ಲಿರುವ ತಾಪಮಾಪಕವನ್ನು ದಿನವೂ ಮಧ್ಯಾಹ್ನ ನೋಡಿ ಬರೆದಿಟ್ಟಿದ್ದಳು. “ಮೊದಲನೇ ವರ್ಷ ನವೆಂಬರಿನಲ್ಲಿ ಮೂವತ್ತಮೂರು ಡಿಗ್ರಿ ದಾಟಿದ್ದು ನಾಲ್ಕು ದಿನ. ಈ ಸಲ ತಿಂಗಳು ಮುಗಿದಿಲ್ಲ, ಆಗಲೇ ಹದಿನೇಳು. ಮೊದಲು ರಾತ್ರಿ ತಣ್ಣಗಾಗ್ತಿತ್ತು, ಮೈ ಸುಧಾರಿಸಿಕೊಳ್ತಿತ್ತು. ಈಗ ರಾತ್ರಿನೂ ಸೆಕೆ. ನಿನ್ನೆಯ ಕಾವು ಮೈಯಲ್ಲಿ ಇಟ್ಕೊಂಡೇ ಇವತ್ತು ಗದ್ದೆಗೆ ಇಳೀತೀರಿ.”

“ಬಾಯಾರಿದಾಗ ನೀರು ಕುಡಿದಿದೀನಲ್ಲ.”

“ಬಾಯಾರೋ ಹೊತ್ತಿಗೇ ತಡವಾಗಿರುತ್ತೆ. ಇಪ್ಪತ್ತು ನಿಮಿಷಕ್ಕೊಂದು ಲೋಟ ಕುಡೀಬೇಕು, ಬೇಕು ಅನ್ನಿಸಲಿ ಬಿಡಲಿ. ಮೂತ್ರ ಕಡುಬಣ್ಣ ಆದರೆ ಸಾಲದು ಅಂತ ಅರ್ಥ. ತಲೆನೋವು, ವಾಕರಿಕೆ, ಮೀನಖಂಡ ಹಿಡ್ಕೊಳ್ಳೋದು ಶುರುವಾದರೆ ಕತ್ತಿ ಕೆಳಗಿಟ್ಟು ನೆರಳಿಗೆ ಬರಬೇಕು. ಮಾತು ತೊದಲಿದರೆ, ಕಾಲು ತಡವರಿಸಿದರೆ ಇನ್ನು ಕಾಯೋದೇ ಇಲ್ಲ. ಬೆವರು ಬರ್ತಿದೆಯಲ್ಲ ಅಂತ ನಂಬಿ ಕೂರಬಾರದು. ಅವತ್ತು ನೀವೂ ಬೆವರ್ತಾನೇ ಇದ್ರಿ.”

ಪೌಲಿಯಾಸಿಗೆ ಥಟ್ಟನೆ ಏನೋ ನೆನಪಾಯಿತು. “ಭಾವ, ಅವತ್ತು ಹತ್ತು ಗಂಟೆಗೆ ನಾನೇನಂದೆ ಗೊತ್ತಾ? ಕೋಲೂರಿಕೊಂಡು ನಡೆಯೋ ನಮ್ಮಜ್ಜಿ ನಿನಗಿಂತ ಮುಂದೆ ಇರ್ತಿದ್ಲು ಅಂದೆ. ನೀನು ತಿರುಗಿ ಬೈಲಿಲ್ಲ.”

“ನಾನು ಬೈಲಿಲ್ವಾ?”

“ಒಂದು ಮಾತೂ ಇಲ್ಲ. ಗೆದ್ದೆ ಅಂದ್ಕೊಂಡೆ ನಾನು.”

“ಮಾವ, ಅದೇ ಗುರುತು,” ಎಂದಳು ಕೆಲೆರಾ ಪೌಲಿಯಾಸಿಯ ಕಡೆ ತಿರುಗಿ. “ನನ್ನ ಪುಸ್ತಕದಲ್ಲೂ ಇಲ್ಲದ್ದು. ಇನ್ಮೇಲೆ ಗ್ಯಾಂಗಿನಲ್ಲಿ ಭಾವಂದಿರು ಜೋಡಿಯಾಗೇ ಕಡೀರಿ. ಒಬ್ಬರು ಛೇಡಿಸಬೇಕು, ಇನ್ನೊಬ್ಬರು ಉತ್ತರ ಕೊಡಬೇಕು. ಉತ್ತರ ಬರಲಿಲ್ಲ ಅಂದ್ರೆ ನೆರಳಿಗೆ ಎಳ್ಕೊಂಡು ಬನ್ನಿ.”

ಎಪರಾಮ ಅಂಗೈಗಳನ್ನು ಬೊಗಸೆ ಮಾಡಿ ಮೂರು ಸಲ ತಟ್ಟಿ, ಬಗ್ಗಿ, ಬೇರಿನ ಕಟ್ಟನ್ನು ಮುಟ್ಟಿದ.

“ಒಪ್ಕೊಂಡೆ. ಆದರೆ ತಪ್ಪು ನಿಂದಲ್ಲ ಮಗಳೇ. ತುಂಬಿದ ಬಕೆಟ್ ಹಿಡ್ಕೊಂಡು ನಿಂತಿದ್ನಲ್ಲ, ಅವನದು.”

“ಹಾಗಾದ್ರೆ ನಾನೂ ಒಂದು ಕಟ್ಟು ತರಬೇಕಾ?” ಎಂದ ಪೌಲಿಯಾಸಿ.

“ಎರಡು ತಾ.”

ಆ ಸೋಮವಾರದಿಂದ ಗ್ಯಾಂಗಿನ ದಿನಚರಿ ಬದಲಾಯಿತು. ಬೆಳಕು ಹರಿಯುತ್ತಲೇ ಕೆಲಸ, ಹನ್ನೊಂದಕ್ಕೆ ಕತ್ತಿ ಕೆಳಗೆ, ಬಿಸಿಲು ಇಳಿದ ಮೇಲೆ ಮತ್ತೆ ಎರಡು ತಾಸು. ಬದುವಿನ ಮೇಲೆ ಟಾರ್ಪಾಲಿನ ಚಪ್ಪರ, ಅದರಡಿಯಲ್ಲಿ ಎರಡು ಡ್ರಮ್ ನೀರು: ಒಂದು ಕುಡಿಯಲು, ಒಂದು ಸುರಿಯಲು. ಹೊಸದಾಗಿ ಸೇರಿದವರಿಗೆ ಮೊದಲ ವಾರ ಅರ್ಧ ಕೆಲಸ. ಇದನ್ನೆಲ್ಲ ಎಪರಾಮನೇ ಗದ್ದೆಯ ನಡುವೆ ನಿಂತು ಸಾರಿದ. ಕೊನೆಗೆ, “ನಾನು ಬಿದ್ದರೆ ನನ್ನ ತಲೆಗೂ ಸುರೀಬಹುದು, ‘ತಿಲೋ’ ಅನ್ನೋದು ಮಾತ್ರ ಮರೀಬೇಡಿ,” ಎಂದ. ಪೌಲಿಯಾಸಿ ಆಗಲೇ ಲೋಟ ತುಂಬಿಸಿಕೊಂಡು ಹಿಂದೆ ನಿಂತಿದ್ದ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನೀವು ಕಬ್ಬು ಕಡಿಯುವವರಿರಬಹುದು, ರಸ್ತೆಗೆ ಡಾಂಬರು ಹಾಕುವವರಿರಬಹುದು, ತಗಡಿನ ಸೂರಿನ ಕೆಳಗೆ ಹೊಲಿಗೆ ಹಾಕುವವರಿರಬಹುದು. ನಿಮ್ಮ ಪಕ್ಕದಲ್ಲಿ ದುಡಿಯುವವರನ್ನು ಗಂಟೆಗೊಮ್ಮೆ ಮಾತಾಡಿಸಿ. ಉತ್ತರ ತಪ್ಪಿದರೆ ನೆರಳಿಗೆ ಕರೆತನ್ನಿ, ನೆತ್ತಿಯಿಂದ ನೀರು ಸುರಿಯಿರಿ, ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಿ. ಅವರು ದೊಡ್ಡವರೇ, ಬೇರೆಯವರೇ, ಮುಟ್ಟಬಹುದೇ ಎಂದು ಯೋಚಿಸುತ್ತ ನಿಲ್ಲಬೇಡಿ. ಕ್ಷಮೆ ಕೇಳಲು ಆಮೇಲೆ ಬೇಕಾದಷ್ಟು ದಿನಗಳಿರುತ್ತವೆ. ಹನ್ನೊಂದರ ಮೇಲೆ ಯಾರಾದರೂ “ಇನ್ನೊಂದೇ ಒಂದು ಸಾಲು” ಎಂದು ಬಂದರೆ ಏನು ಹೇಳಬೇಕೆಂಬುದು ಮಾತ್ರ ಕಷ್ಟದ ಪಾಠ. ಅದು ಎಪರಾಮನಿಗೂ ಎದುರಾಯಿತು.

ಮರುವಾರ ಹನ್ನೊಂದೂವರೆಗೆ ಜಗ್ದೇವ್ ಚಪ್ಪರದ ಬಳಿ ಬಂದ. ಚಪ್ಪಲಿ ಕಳಚಿ ಚಾಪೆಯ ಮೇಲೆ ಕೂತು, ಊರಿನ ರೀತಿಯಂತೆಯೇ, ಕಂಕುಳಲ್ಲಿದ್ದ ಯಂಗೋನ ಕಟ್ಟನ್ನು ಎರಡೂ ಕೈಯಿಂದ ಮುಂದಿಟ್ಟ. ಒಳ್ಳೆಯ ದಪ್ಪ ಬೇರು. ಪೌಲಿಯಾಸಿಯ ಕಣ್ಣು ಅದರ ಮೇಲೇ ನೆಟ್ಟಿತು.

“ಆರೇ ಸಾಲು ಉಳಿದಿದೆ ಭಯ್ಯಾ. ಸುಟ್ಟ ಕಬ್ಬು, ಕಾದರೆ ಸಿಹಿ ಇಳಿದುಹೋಗುತ್ತೆ. ಲಾರಿ ನಿಂತಿದೆ. ನನಗೋಸ್ಕರ, ಇವತ್ತೊಂದಿನ.”

ಅವತ್ತು ತನ್ನ ಕಬ್ಬನ್ನು ಮಣ್ಣಿಗೆ ಉರುಳಿಸಿ ಲಾರಿ ಓಡಿಸಿದವನು ಇದೇ ಜಗ್ದೇವ್.

ಎಪರಾಮ ತಲೆಯ ಮೇಲಿದ್ದ ಒದ್ದೆ ಟವೆಲು ತೆಗೆದು, ನೆನೆಸಿ, ಹಿಂಡಿ, ಮತ್ತೆ ತಲೆಗೇ ಹಾಕಿಕೊಂಡ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

“ನಾಲ್ಕು ಗಂಟೆಗೆ ಕಡೀತೀವಿ,” ಎಂದ. “ಇದನ್ನ ಮಾತ್ರ ನಾನು ಮುಟ್ಟಲ್ಲ ಜಗ್ದೇವ್. ತಗೊಂಡು ಹೋಗು.”