ಬೀಗದ ಮರ್ಯಾದೆ

ನಮ್ಮ ಯಜಮಾನರಿಗೆ ನನ್ನ ಮೇಲಿರುವುದಕ್ಕಿಂತ ಕೆಳಬಾಗಿಲಿನ ಬೀಗದ ಮೇಲೆ ಪ್ರೀತಿ ಜಾಸ್ತಿ. ಹಾಗಾಗಿ, ನಮ್ಮ ಮಹಡಿಯ ಬಾಡಿಗೆಮನೆಯ ಟೇಲರಮ್ಮ ದಾವೆ ಹೂಡಿದಾಗ ಅವರಿಗೆ ಮೈಯೆಲ್ಲ ಉರಿದುಹೋಯಿತು. ತಾನು ಊರಲ್ಲಿಲ್ಲದಾಗ ಹೊಲಿಗೆ ಯಂತ್ರ ಕಳುವಾಯಿತು, ಕೆಳಬಾಗಿಲಿನ ಬೀಗ ಭದ್ರವಾಗಿರಲಿಲ್ಲ, ನಷ್ಟವನ್ನು ಮಾಲೀಕರೇ ತುಂಬಿಕೊಡಬೇಕು ಎಂಬುದು ಅವಳ ದೂರು.

ನನಗೆ ಅವಳದೇ ಚಿಂತೆ. ಯಂತ್ರವಿಲ್ಲದೆ ಅವಳ ಹೊಟ್ಟೆಪಾಡು ನಡೆಯದು. ಕೇಸು ಸೋತರೆ ಮನೆ ಖಾಲಿ ಮಾಡಿ, ತಮ್ಮನ ಹೆಂಡತಿಯ ಕೈಕೆಳಗೆ ಹೋಗಿ ಬಿದ್ದಿರಬೇಕು.

"ಕೊಟ್ಟುಬಿಡಿ, ಪಾಪ" ಎಂದೆ.

"ಕೊಟ್ರೆ ಬೀಗ ಸರಿ ಇಲ್ಲ ಅಂತ ಒಪ್ಕೊಂಡ ಹಾಗೆ" ಎಂದು ಮುಖ ಗಂಟಿಕ್ಕಿದರು.

ಕೋರ್ಟಿನ ಮೆಟ್ಟಿಲ ಮೇಲೆ ನಮ್ಮ ವಕೀಲರು ಯಜಮಾನರ ಭುಜ ಹಿಡಿದು, "ಬೀಗ ಗಟ್ಟಿ ಇತ್ತು ಅಂತ ಒಂದೇ ಮಾತು ಹೇಳಿ. ಆಮೇಲೆ ತುಟಿ ಪಿಟಕ್ ಅನ್ನಬಾರದು" ಎಂದರು.

ಕಟಕಟೆಯಲ್ಲಿ ನಿಂತು ಅವರು ಒಂದೇ ಮಾತು ಹೇಳಿದರು. ಆದರೆ ಟೇಲರಮ್ಮನ ವಕೀಲೆ ಬಿಡಬೇಕಲ್ಲ. "ಮಗು ತಳ್ಳಿದ್ರೂ ತೆರೆದುಕೊಳ್ಳೋ ಬಾಗಿಲಂತೆ ಅದು?" ಎಂದು ಕೆಣಕಿದಳು.

ನಮ್ಮವರ ಕಿವಿ ಕೆಂಪಾಯಿತು. "ಯಾರು ಹೇಳಿದ್ದು? ಗಟ್ಟಿಮುಟ್ಟಾದ ಇಬ್ರು ಸಲಾಕೆ ಹಾಕಿ ಮೀಟಿದ್ರು, ಸ್ವಾಮಿ. ನಮ್ಮ ಬೀಗ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅದಕ್ಕೆ ಗೀರು ಬೀಳುತ್ತೆ ಅಂತ ನಾನೇ ಹೋಗಿ ತೆಗೆದುಕೊಟ್ಟೆ."

ನಮ್ಮ ವಕೀಲರು ತಲೆಯ ಮೇಲೆ ಕೈಹೊತ್ತು ಕೂತರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಯಾರು ಅಂತ ಕೇಳ್ಲಿಲ್ವಾ?" ಎಂದರು.

"ಕೇಳ್ದೆ. ಮಷಿನ್ ರಿಪೇರಿಯೋರು ಅಂದ್ರು."

"ಮಹಡಿ ಮನೆ ಬಾಗಿಲು?"

"ಅದರ ಇನ್ನೊಂದು ಕೀಲಿ ನನ್ನ ಹತ್ರಾನೇ ಇತ್ತಲ್ಲ. ಇಳಿಸುವಾಗ ತಿರುವಿನಲ್ಲಿ ಗೋಡೆ ಬಣ್ಣ ಕಿತ್ತುಹೋಗುತ್ತೆ ಅಂತ ಮಷಿನ್ನಿನ ಒಂದು ಕಡೆ ನಾನೂ ಹಿಡ್ಕೊಂಡೆ."

ಇಷ್ಟು ದಿನ ಆ ಕಳ್ಳರಿಗೆ ಹಿಡಿಶಾಪ ಹಾಕುತ್ತಿದ್ದವರು ಇವರೇ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ನಗುವೂ ಒತ್ತರಿಸಿ ಬಂದು, ಬಾಯಿಗೆ ಕೈ ಅಡ್ಡ ಹಿಡಿದೆ.

ಬೀಗದಲ್ಲಿ ದೋಷವೇನಿಲ್ಲ, ಕಾಯಬೇಕಾದವರೇ ಕಳ್ಳರನ್ನು ಒಳಗೆ ಬಿಟ್ಟಿದ್ದಾರೆ, ಟೇಲರಮ್ಮನಿಗೆ ಹೊಸ ಯಂತ್ರ ಕೊಡಿಸಬೇಕು ಎಂದು ತೀರ್ಪಾಯಿತು. ನಮ್ಮವರ ಕಿವಿಗೆ ಬಿದ್ದದ್ದು ಮೊದಲ ಮಾತಷ್ಟೇ. "ಕೇಳಿದ್ಯಾ, ದೋಷ ಇಲ್ವಂತೆ" ಎಂದು ಎದೆಯುಬ್ಬಿಸಿ ಹೊರಬಂದರು. ಟೇಲರಮ್ಮ ಅಳುತ್ತಲೇ ನಗುತ್ತಿದ್ದಳು. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಹೊಸ ಯಂತ್ರ ಹೊತ್ತವರು ಕೆಳಬಾಗಿಲು ಬಡಿದಾಗ ನಮ್ಮವರು ಗಡಬಡಿಸಿ ಎದ್ದರು.

"ನೀವು ಕೂತ್ಕೊಳ್ಳಿ ಯಜಮಾನ್ರೇ, ನಾನೇ ತೆಗೀತೀನಿ" ಎನ್ನುತ್ತ ಟೇಲರಮ್ಮ ಮಹಡಿಯಿಂದ ಇಳಿದು ಬಂದಳು.

ಅವರು ನನ್ನ ಮುಖ ನೋಡಿದರು. ನಾನು ಕುರ್ಚಿ ಎಳೆದುಕೊಟ್ಟೆ.