ಏಳನೆಯ ಕಾಳು

೨೦೨೩ರ ಅಕ್ಟೋಬರ್ ಕೊನೆಯ ಭಾನುವಾರ, ಮಧ್ಯಾಹ್ನ ಮೂರರ ಹೊತ್ತು. ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ವುಡ್‌ಲ್ಯಾಂಡ್ ಹಿಲ್ಸ್‌ನ ಆಫೀಸುಗಳ ಹಿಂದಿನ ಬಾಡಿಗೆ ಅಡುಗೆಮನೆಯಲ್ಲಿ ಕಲಾವತಿ ಸ್ಟೀಲ್ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕಾಳುಗಳು ಉರುಳಿದವು. ಕಡಲೆ ಮೂರು, ಮೆಣಸು ನಾಲ್ಕು.

"ಏಳು?" ಎಂದಳು. "ನಾವಿರೋದು ಆರು ಜನ ಅಲ್ವಾ?"

ಸಾರಿನಪುಡಿ, ಹುಳಿಪುಡಿ ಮಾಡುವ ಆ ಅಡುಗೆಮನೆಗೆ ಯಜಮಾನ ಎಂದು ಒಬ್ಬರಿರಲಿಲ್ಲ. ದುಡಿಯುವ ಎಲ್ಲರದೂ ಸಮಪಾಲು, ತಲೆಗೊಂದು ಮತ. ಬೇಕೆಂದರೆ ಕಡಲೆ, ಬೇಡವೆಂದರೆ ಮೆಣಸು. ಮುಷ್ಟಿಯಲ್ಲಿ ಮುಚ್ಚಿ ತಂದು ಡಬ್ಬಿಗೆ ಹಾಕಬೇಕು. ಸಮಸಮ ಬಂದರೆ ಹಿರಿಯರ ಮಾತೇ ಕೊನೆ. ಪುಡಿಗಳ ಅಳತೆಯನ್ನೆಲ್ಲ ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಬರೆದಿತ್ತು. ಯಾರು ಬೇಕಾದರೂ ನೋಡಿಕೊಂಡು ಹೋಗಿ ತಾವೂ ಮಾಡಿ ಮಾರಬಹುದು. ಹತ್ತಿರದ ಊರು ಗ್ಲೆಂಡೇಲ್‌ನಲ್ಲಿ ಕೆಲಸ ಹೋದ ನಾಲ್ವರು ಹೆಂಗಸರು ಹಾಗೆಯೇ ಬದುಕು ಕಟ್ಟಿಕೊಂಡಿದ್ದರು. ಗೋಡೆಯ ಮೇಲೆ ಬರೆದವರು ಜಯಮ್ಮ. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು.

ಈಗ ಒಂದು ಕಂಪನಿಯವರು ಅಡುಗೆಮನೆಯನ್ನು ಕೊಳ್ಳಲು ಬಂದಿದ್ದರು. ಗೋಡೆ ಅಳಿಸಬೇಕು, ಆ ಪುಡಿ ಬೇರೆ ಯಾರೂ ಮಾರಬಾರದು, ಗ್ಲೆಂಡೇಲ್‌ನವರೂ ನಿಲ್ಲಿಸಬೇಕು ಎಂಬುದು ಅವರ ಷರತ್ತು. ಮಾರಬೇಕೇ ಬೇಡವೇ ಎಂದು ಇವತ್ತಿನ ಮತ. ಮಾರಿಬಿಡೋಣ ಎಂದು ಹಟ ಹಿಡಿದವರು ಜಯಮ್ಮನ ಗಂಡ ಇಂದುಧರ. ಆರು ಜನರಲ್ಲಿ ಅವರೇ ಹಿರಿಯರು.

"ಅಂಕಲ್, ನೀವೇ ಎರಡು ಹಾಕಿದ್ರಾ ಹೇಗೆ?" ಆರು ಜನರಲ್ಲಿ ಒಬ್ಬನಾದ ಸಂದೀಪ್ ನಗುತ್ತ ಕೇಳಿದ. "ಆಂಟಿಗೆ ಕೈ ನಡುಗ್ತಿದ್ದಾಗ ಅವರದ್ದೂ ನೀವೇ ಹಾಕ್ತಿದ್ರಲ್ಲ."

ಇಂದುಧರರು ನಗಲಿಲ್ಲ. "ಇದ್ರೂ ಇರಬಹುದಪ್ಪ. ನೆನಪಿಲ್ಲ. ಈ ಒಲೆ ಮುಂದೆ ನಿಂತ್ರೆ ಅವಳ ಕೆಮ್ಮು ಕೇಳ್ಸತ್ತೆ ನಂಗೆ. ಅದಕ್ಕೇ ಮಾರಿ ಅಂದದ್ದು. ಇನ್ನೊಂದ್ಸಲ ಹಾಕಿ."

"ಹಾಕೋಣ. ಗುಟ್ಟು ಬೇಡ, ಎಲ್ಲರೂ ಕೈ ಬಿಚ್ಚಿ ತೋರಿಸಿ ಹಾಕ್ಲಿ. ನಿಮ್ಮ ಕೈ ಇಲ್ಲಿ ಕೊಡಿ," ಎಂದಳು ಕಲಾವತಿ.

ತನ್ನ ಕಾಳನ್ನು ಹಾಕಿ, ಇಂದುಧರರ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವರ ಕಡಲೆಯನ್ನು ಅವರ ಕಣ್ಣೆದುರೇ ಸಂದೀಪ್ ಹಾಕಿದ. ಉಳಿದವರು ಒಬ್ಬೊಬ್ಬರಾಗಿ ಬಂದು ಅಂಗೈ ತೋರಿಸಿ ಹಾಕಿದರು. ಎಲ್ಲರೂ ಎಣಿಸುತ್ತಲೇ ಇದ್ದರು: ಕಡಲೆ ಮೂರು, ಮೆಣಸು ಮೂರು.

ಡಬ್ಬಿ ಬೋರಲಾಯಿತು. ಮೆಣಸು ನಾಲ್ಕು.

ಅದರಲ್ಲೊಂದನ್ನು ಮುಟ್ಟಿದ ಕಲಾವತಿ ಬೆರಳು ಹಿಂದೆಗೆದಳು. ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದಿದ್ದಂತೆ ಅದು ಬೆವತು ಬೆಚ್ಚಗಿತ್ತು. ಸಂದೀಪ್ ಡಬ್ಬಿಯೊಳಗೆ ಇಣುಕಿ ನೋಡಿ ಮೆಲ್ಲಗೆ ಕೆಳಗಿಟ್ಟ.

"ಬರ್ಕೊಳಮ್ಮ," ಎಂದರು ಇಂದುಧರ. "ಮಾರೋದಿಲ್ಲ. ಏಳು ಜನ ಕೂತು ತೀರ್ಮಾನ ಮಾಡಿದ್ದು ಅಂತ ಬರಿ."

ಮೂರು ದಿನ ಕಳೆದು, ಬುಧವಾರ ಬೆಳಿಗ್ಗೆ, ಅವರು ಡೆಲ್ ಮಾರ್‌ನ ಮಗಳ ಮನೆಗೆ ಹೊರಟರು. ಸಂದೀಪ್ ಕಾರು ತಂದಿದ್ದ. ಇಂದುಧರರು ಮುಂದಿನ ಬಾಗಿಲು ತೆಗೆದು, ಒಬ್ಬರು ನಿಧಾನವಾಗಿ ಹತ್ತಿ ಕೂರುವಷ್ಟು ಹೊತ್ತು ಹಿಡಿದು ನಿಂತು, ಮುಚ್ಚಿ, ತಾವು ಹಿಂದೆ ಕೂತರು. ಕಾರು ಹೊರಟು ಹತ್ತು ಮಾರು ಹೋಗಿರಲಿಲ್ಲ, ಬೆಲ್ಟ್ ಹಾಕಿಲ್ಲವೆಂದು ಮುಂದಿನ ಸೀಟಿನ ಗಂಟೆ ಬಡಿದುಕೊಳ್ಳತೊಡಗಿತು. ಸಂದೀಪ್ ಕಾರು ನಿಲ್ಲಿಸಿ, ಆ ಕಡೆ ನೋಡದೆ ಕೈ ಚಾಚಿ, ಖಾಲಿ ಸೀಟಿಗೆ ಅಡ್ಡಲಾಗಿ ಬೆಲ್ಟ್ ಎಳೆದು ಸಿಕ್ಕಿಸಿದ. ಗಂಟೆ ನಿಂತಿತು.