ಮಗ್ಗುಲು ಹಾಳೆ

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಒತ್ತಿದ ಕಡೆ ಚರ್ಮ ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಕಿತ್ತು ಬರುತ್ತದೆ. ಇದನ್ನು ದೊಡ್ಡಕ್ಕನಿಗೆ ಯಾರೂ ಪುಸ್ತಕ ಬಿಡಿಸಿ ಹೇಳಿಕೊಟ್ಟದ್ದಲ್ಲ. ಸರ್ಕಾರದ ಅನುದಾನದಲ್ಲಿ ನಡೆಯುವ ಆ ವೃದ್ಧರ ಮನೆಯಲ್ಲಿ ಹದಿನಾಲ್ಕು ವರ್ಷ ಆಯಾ ಕೆಲಸ ಮಾಡಿ, ಬೆನ್ನುಗಳನ್ನು ನೋಡಿ ನೋಡಿ ಕಲಿತದ್ದು.

ಅವಳು ನೋಡಿಕೊಳ್ಳುವ ಹಾಲ್‌ನಲ್ಲಿ ತಾವಾಗಿ ಹೊರಳಲಾರದವರು ಹನ್ನೊಂದು ಜನ. ಮೊದಲು ಒಂದು ಪಾಳಿಗೆ ನಾಲ್ವರು ಆಯಾಗಳಿದ್ದರು. ಒಬ್ಬಳು ನಿವೃತ್ತಳಾದಳು, ಇನ್ನೊಬ್ಬಳು ಬೆನ್ನು ಹಿಡಿದು ಬಿಟ್ಟುಹೋದಳು. ಆ ಜಾಗಗಳಿಗೆ ಯಾರೂ ಬರಲಿಲ್ಲ. ಕೇಳಿದರೆ ಅನುದಾನ ಬಂದಿಲ್ಲ ಅನ್ನುತ್ತಿದ್ದರು. ಅದೇನು ನೆಂಟನೋ ಎನ್ನುವ ಹಾಗೆ ಎಲ್ಲರೂ ಅದರ ದಾರಿ ಕಾಯುತ್ತಿದ್ದರು.

ಉಳಿದ ಇಬ್ಬರಲ್ಲಿ ಒಬ್ಬಳು ಯಾವಾಗಲೂ ಸ್ನಾನದ ಮನೆಯಲ್ಲೋ, ದೊಡ್ಡಾಸ್ಪತ್ರೆಗೆ ಯಾರನ್ನೋ ಕರೆದುಕೊಂಡು ಹೋಗಿಯೋ ಇರುತ್ತಿದ್ದಳು. ಎರಡು ಗಂಟೆಗೊಮ್ಮೆ ಅನ್ನುವುದು ನಾಲ್ಕು ಗಂಟೆಗೊಮ್ಮೆ ಆಯಿತು, ಕೆಲವು ದಿನ ಅದೂ ಇಲ್ಲ.

ಪ್ರತಿ ಮಂಚದ ಕಾಲಬುಡದಲ್ಲಿ ಒಂದು ಮಗ್ಗುಲು ಹಾಳೆ ತೂಗುತ್ತಿತ್ತು. ಬೆಳಗಿನ ಪಾಳಿಗೆ ಆರು, ಎಂಟು, ಹತ್ತು, ಹನ್ನೆರಡು, ಎರಡು. ತಿರುಗಿಸಿದ ಹೊತ್ತಿಗೆ ಸಹಿ. ಎರಡು ವರ್ಷದ ಹಿಂದೆ ಖಾಲಿ ಖಾನೆಗಳನ್ನು ನೋಡಿ ಮೇಲಿನವರು ದೊಡ್ಡಕ್ಕನಿಗೆ ನೋಟೀಸು ಕೊಟ್ಟರು. ಯಾಕೆ ಖಾಲಿ ಅಂತ ಕೇಳಲಿಲ್ಲ. ಅಂದಿನಿಂದ ಅವಳು ಬೆಳಗ್ಗೆ ಆರಕ್ಕೆ ಬಂದವಳೇ ಹನ್ನೊಂದು ಹಾಳೆಗೂ ಐದೈದು ಸಹಿ ಒಮ್ಮೆಗೇ ಎಳೆದುಬಿಡುತ್ತಿದ್ದಳು. ಆಮೇಲೆ ಪೆನ್ನು ಹುಡುಕುತ್ತಾ ಕೂರಲು ಪುರುಸೊತ್ತೆಲ್ಲಿ?

ಕಿಟಕಿ ಪಕ್ಕದ ಮಂಚ ಗಡಿಯಾರದಜ್ಜನದು. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ್ದರೂ ಗೋಡೆಯ ಬಿಸಿಲು ನೋಡಿ ಹೊತ್ತು ಹೇಳುತ್ತಿದ್ದರು. ಮೊನ್ನೆ ಅವರ ಬೆನ್ನಿನ ತುದಿಯಲ್ಲಿ ಕೆಂಪು ಕಂಡಿತ್ತು. ನಿನ್ನೆ ಅದು ಕಪ್ಪಿಗೆ ತಿರುಗಿತ್ತು.

"ಅಲ್ಲೇನಿದೆ ಅಷ್ಟು ನೋಡೋಕೆ?" ಅಂದಿದ್ದರು ಅಜ್ಜ ಮೊನ್ನೆ.

"ಏನಿಲ್ಲ. ಸ್ವಲ್ಪ ಕೆಂಪಗಿದೆ."

"ಈ ವಯಸ್ಸಲ್ಲಿ ಎಲ್ಲಾದರೂ ಒಂದು ಕಡೆ ಬಣ್ಣ ಇರಲಿ ಬಿಡು."

ನಿನ್ನೆಯೇ ಅಲ್ಲಿನ ನರ್ಸು ಸಿಸ್ಟರಮ್ಮ ಅವಳನ್ನು ಔಷಧಿ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ್ದರು.

"ನಾಳೆ ಊಟವಾದ ಮೇಲೆ ಆಫೀಸಿನವರು ಬರ್ತಾರೆ. ಮೂರನೇ ಆಯಾ ಬೇಕೋ ಬೇಡವೋ ಅಂತ ನೋಡೋಕೆ. ನಾಲ್ಕು ಕಾಗದ ಬರೆದ ಮೇಲೆ ಬರ್ತಿದ್ದಾರೆ. ನಾಳೆ ಒಂದು ದಿನ, ತಿರುಗಿಸದೆ ಇರೋದಕ್ಕೆ ಸಹಿ ಹಾಕಬೇಡ. ಖಾನೆ ಖಾಲಿ ಇರಲಿ."

"ನೋಟೀಸು ಬಂದರೆ?"

"ನನ್ನ ಹೆಸರಿಗೆ ಬರಲಿ. ಆ ಅಜ್ಜನಿಗೆ ಹುಣ್ಣು ಕಿತ್ತುಕೊಂಡರೆ ನಮ್ಮಿಬ್ಬರ ಕೈಯಲ್ಲಿ ಆಗಲ್ಲ. ಇನ್ನೊಬ್ಬಳು ಬೇಕೇ ಬೇಕು."

ದೊಡ್ಡಕ್ಕ ತಲೆಯಾಡಿಸಿದ್ದಳು.

ಇವತ್ತು ಆರಕ್ಕೆ ಬಂದಳು. ಮೂರನೇ ಮಂಚದಜ್ಜಿ ವಾಂತಿ ಮಾಡಿಕೊಂಡಿದ್ದರು. ಆರನೆಯವರು ಮನೆಗೆ ಹೋಗಬೇಕು ಅಂತ ಕೂಗುತ್ತಿದ್ದರು. ಜೊತೆಯವಳು ಬರುವುದು ಅರ್ಧ ಗಂಟೆ ತಡ. ಬಟ್ಟೆ ಬದಲಿಸಿದಳು, ನೆಲ ಒರೆಸಿದಳು, ಹಾಲು ಕುಡಿಸಿದಳು. ಹತ್ತಕ್ಕೆ ಜೊತೆಯವಳು ವಾಂತಿಯಾದಜ್ಜಿಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಗಡಿಯಾರದಜ್ಜನನ್ನು ಒಂದೇ ಸಲ ತಿರುಗಿಸಿದ್ದು, ಅದೂ ಒಬ್ಬಳೇ, ಹಾಸಿಗೆಯ ಬಟ್ಟೆ ಹಿಡಿದು ಎಳೆದು.

ಎರಡೂಕಾಲಿಗೆ ಆಫೀಸಿನವರು ಬಂದರು. ಸಭ್ಯ ಮನುಷ್ಯ. ಚಪ್ಪಲಿ ಬಾಗಿಲಲ್ಲೇ ಬಿಟ್ಟರು, ಎಲ್ಲರಿಗೂ ನಮಸ್ಕಾರ ಅಂದರು. ಕಿಟಕಿ ಪಕ್ಕದ ಮಂಚದ ಹಾಳೆ ಎತ್ತಿ ನೋಡಿದರು.

ದೊಡ್ಡಕ್ಕನೂ ನೋಡಿದಳು. ಐದಕ್ಕೆ ಐದು ಸಹಿ.

ಯಾವಾಗ ಹಾಕಿದಳೋ ಅವಳಿಗೇ ನೆನಪಿರಲಿಲ್ಲ. ಕಣ್ಣು ಪಕ್ಕದ ಮಂಚಕ್ಕೆ ಹೋಯಿತು, ಅಲ್ಲಿಯೂ ಐದು. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿಕೊಂಡಿತ್ತು. ಸಿಸ್ಟರಮ್ಮ ಅವಳ ಮುಖ ನೋಡಿದರು. ಅವಳು ನೆಲ ನೋಡಿದಳು. ಅವಳಿಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಹಾಲ್‌ನಲ್ಲಿ ಮಾತ್ರ ಯಾರೋ ಫ್ಯಾನು ಆರಿಸಿದ ಹಾಗಿತ್ತು.

"ಸಾರ್, ಅದು ಬರೆದ ಹಾಗೆ ಆಗೋದಿಲ್ಲ," ಅಂದರು ಸಿಸ್ಟರಮ್ಮ.

"ಹಾಗಾದರೆ ಇವರನ್ನೇ ಕೇಳೋಣ." ಆಫೀಸಿನವರು ಅಜ್ಜನ ಕಡೆ ಬಾಗಿದರು. "ನಿಮ್ಮನ್ನು ಹೊತ್ತು ಹೊತ್ತಿಗೆ ತಿರುಗಿಸ್ತಾರಾ, ಅಜ್ಜ?"

ಅಜ್ಜ ಆ ಕಾಗದ ನೋಡಿದರು, ತಲೆ ತಗ್ಗಿಸಿ ನಿಂತ ದೊಡ್ಡಕ್ಕನನ್ನು ನೋಡಿದರು.

"ನಾನು ಗಡಿಯಾರದವನು ಸ್ವಾಮಿ. ಹೊತ್ತಿನ ವಿಚಾರದಲ್ಲಿ ನನಗೆ ಯಾರೂ ಮೋಸ ಮಾಡೋಕಾಗಲ್ಲ. ಈ ಹುಡುಗಿ ಒಂದು ನಿಮಿಷ ಆಚೀಚೆ ಮಾಡಿದವಳಲ್ಲ."

ಆಫೀಸಿನವರು ನಕ್ಕರು. "ಇಬ್ಬರೇ ಇದ್ದೂ ಒಂದು ಖಾನೆ ಖಾಲಿ ಬಿಟ್ಟಿಲ್ಲ. ಬೇರೆ ಕಡೆ ಮೂವರಿದ್ದೂ ಇಷ್ಟು ಅಚ್ಚುಕಟ್ಟು ನೋಡಿಲ್ಲಮ್ಮ. ಇಲ್ಲಿಗಿಂತ ಕಷ್ಟದಲ್ಲಿರೋ ಮನೆಗಳಿವೆ. ಇರೋ ಒಂದು ಜಾಗ ಅವರಿಗೆ ಕೊಡಬೇಕಾಗತ್ತೆ."

ಸಿಸ್ಟರಮ್ಮ ಮಾತಾಡುತ್ತಲೇ ಅವರ ಹಿಂದೆ ಹೋದರು. ಕಾರಿಡಾರಿನುದ್ದಕ್ಕೂ ಅವರ ದನಿ ಕೇಳಿಸುತ್ತಿತ್ತು, ಆಮೇಲೆ ಕೇಳಿಸಲಿಲ್ಲ.

"ಬಚಾವಾದೆ ನೋಡು," ಅಂದರು ಅಜ್ಜ. "ಹೋದ ಸಲದ ಹಾಗೆ ನೋಟೀಸು ಕೊಡೋಕೇ ಬಂದಿದ್ದ ಅಲ್ವಾ?"

"ಇಲ್ಲ ಅಜ್ಜ. ಇನ್ನೊಬ್ಬಳನ್ನು ಕೊಡಬೇಕೋ ಬೇಡವೋ ಅಂತ ನೋಡೋಕೆ ಬಂದಿದ್ದು."

ಅಜ್ಜ ಮುಖವನ್ನು ಗೋಡೆಯ ಬಿಸಿಲಿನ ಕಡೆ ತಿರುಗಿಸಿದರು.

"ನನಗೆ ಯಾರೂ ಹೇಳಲಿಲ್ಲವಲ್ಲ."

"ಹೇಳೋಕೆ ಹೊತ್ತು ಸಿಗಲಿಲ್ಲ."

ಹಾಸಿಗೆಯ ಬಟ್ಟೆ ಹಿಡಿದು ಅವರನ್ನು ಮೆಲ್ಲಗೆ ಎಳೆದು ಮಗ್ಗುಲಿಗೆ ಮಲಗಿಸಿದಳು. ಕಪ್ಪಗಿದ್ದ ಕಡೆ ಚರ್ಮ ಬಿಟ್ಟಿತ್ತು. ಬಟ್ಟೆಗೆ ಒಂದಿಷ್ಟು ಅಂಟಿಕೊಂಡು ಬಂತು. ಅಜ್ಜನಿಗೆ ಗೊತ್ತಾಗಲಿಲ್ಲ, ಅಲ್ಲಿ ಅವರಿಗೆ ನೋವು ತಿಳಿಯುತ್ತಿರಲಿಲ್ಲ. ಅವಳು ತೊಳೆದಳು, ಪಟ್ಟಿ ಹಾಕಿದಳು, ಕೈ ತೊಳೆದುಕೊಂಡಳು.

ಅಷ್ಟರಲ್ಲಿ ಸಂಜೆ ಪಾಳಿಯವಳು ಸೆರಗು ಸಿಕ್ಕಿಸಿಕೊಳ್ಳುತ್ತಾ ಬಂದಳು.

"ಬಂದಿದ್ದರಂತಲ್ಲ ಅಕ್ಕ, ಏನಂದರು?"

"ಅಚ್ಚುಕಟ್ಟು ಅಂದರು."

"ಅಷ್ಟಾದರೂ ಅಂದರಲ್ಲ." ಸಂಜೆಯವಳು ಕೈ ಚಾಚಿದಳು. "ಪೆನ್ನು ಕೊಡಿ. ನಂದು ತಂದಿಲ್ಲ."

ದೊಡ್ಡಕ್ಕ ಕೊಟ್ಟಳು. ಸಂಜೆಯವಳು ಮೊದಲನೇ ಮಂಚದ ಹಾಳೆ ಎತ್ತಿ ನಾಲ್ಕು, ಆರು, ಎಂಟು, ಹತ್ತಕ್ಕೆ ಸಹಿ ಎಳೆದಳು. ಆಮೇಲೆ ಎರಡನೆಯದಕ್ಕೆ ಹೋದಳು. ಪೆನ್ನು ವಾಪಸು ಸಿಗುವವರೆಗೆ ದೊಡ್ಡಕ್ಕ ಬಾಗಿಲ ಬಳಿ ನಿಂತಿದ್ದಳು. ನಾಳೆ ಬೆಳಗ್ಗೆ ಆರಕ್ಕೆ ಅದು ಅವಳಿಗೆ ಬೇಕಿತ್ತು.